ಸವೆದ ನಾಣ್ಯದ ಬೆಲೆ: ಯಾವುದನ್ನು ಯಾವುದರೊಡನೆ ತೂಗಿ ನೋಡಬೇಕು

ಬೆಂಗಳೂರಿನ ಹಳೆಯ ಬಡಾವಣೆಗಳ ಅನೇಕ ಮನೆಗಳಲ್ಲಿ ದೇವರ ಪೆಟ್ಟಿಗೆಯೊಳಗೆ ಒಂದೆರಡು ಬೆಳ್ಳಿ ರೂಪಾಯಿಗಳು ಇದ್ದೇ ಇರುತ್ತವೆ. ವರಮಹಾಲಕ್ಷ್ಮಿ ಹಬ್ಬದ ದಿನ ಕಲಶದ ಮುಂದೆ ಕೂತು, ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಮರುದಿನ ಮತ್ತೆ ಪೆಟ್ಟಿಗೆ ಸೇರುವ ಈ ನಾಣ್ಯಗಳಿಗೆ ಎಷ್ಟು ಬೆಲೆ ಎಂಬ ಪ್ರಶ್ನೆ ಸಾಮಾನ್ಯವಾಗಿ ಏಳುವುದು ಮನೆ ಪಾಲಾಗುವ ಹೊತ್ತಿನಲ್ಲಿ. ಮಲ್ಲೇಶ್ವರದಲ್ಲಿದ್ದ ನನ್ನ ಸೋದರತ್ತೆಯ ಮನೆ ಖಾಲಿ ಮಾಡಿದಾಗ ನನ್ನ ಪಾಲಿಗೆ ನಾಲ್ಕು ನಾಣ್ಯಗಳು ಬಂದವು: ವಿಕ್ಟೋರಿಯಾ ರಾಣಿಯ 1862ರ ರೂಪಾಯಿ, ಏಳನೇ ಎಡ್ವರ್ಡ್ ದೊರೆಯ 1907ರ ರೂಪಾಯಿ, ಐದನೇ ಜಾರ್ಜ್ ದೊರೆಯ 1918ರ ರೂಪಾಯಿ, ಮತ್ತು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಒಂದು ತಾಮ್ರದ ಕಾಸು. ಈ ನಾಲ್ಕನ್ನೇ ಮುಂದಿಟ್ಟುಕೊಂಡು, ಚಲಾವಣೆಯಲ್ಲಿ ಸವೆದ ಹಳೆಯ ನಾಣ್ಯದ ಸ್ಥಿತಿಯನ್ನು ಹೇಗೆ ಅಳೆಯಬೇಕು, ಬೆಲೆಯನ್ನು ಯಾವ ದಾರಿಯಲ್ಲಿ ತಿಳಿಯಬೇಕು ಎಂಬುದನ್ನು ಇಲ್ಲಿ ಹೋಲಿಸಿ ಬರೆಯುತ್ತಿದ್ದೇನೆ. ಯಾರನ್ನಾದರೂ ಬೆಲೆ ಕೇಳುವ ಮೊದಲು ನಾಣ್ಯದ ಸ್ಥಿತಿಯನ್ನು ನೀವೇ ನಿಮ್ಮ ಕಣ್ಣಿನಿಂದ ನಿರ್ಧರಿಸಿಕೊಂಡಿರಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ; ಅದಿಲ್ಲದೆ ಹೋದರೆ ಮುಂದಿನ ಪ್ರತಿಯೊಂದು ಮಾತಿಗೂ ಎದುರಿನವರನ್ನೇ ನಂಬಬೇಕಾಗುತ್ತದೆ.

ಹೊಳೆಯುವ ನಾಣ್ಯ, ಮಂಕಾದ ನಾಣ್ಯ

ನಾಲ್ಕು ನಾಣ್ಯಗಳನ್ನು ಮೇಜಿನ ಮೇಲೆ ಹರಡಿದಾಗ ಮನೆಯವರೆಲ್ಲರ ಕಣ್ಣು ಹೋದದ್ದು 1918ರ ರೂಪಾಯಿಯ ಮೇಲೆ. ಅದು ಹೊಸ ಬಟ್ಟಲಿನಂತೆ ಫಳಫಳ ಹೊಳೆಯುತ್ತಿತ್ತು. ಪಕ್ಕದಲ್ಲಿದ್ದ 1907ರದ್ದು ಬೂದುಬಣ್ಣಕ್ಕೆ ತಿರುಗಿ, ಅಕ್ಷರಗಳ ಸಂದಿಯಲ್ಲಿ ಕಪ್ಪುಗಟ್ಟಿ, ಮಂಕಾಗಿ ಬಿದ್ದಿತ್ತು. ಎರಡರಲ್ಲಿ ಯಾವುದು ಉತ್ತಮ ಸ್ಥಿತಿಯಲ್ಲಿದೆ ಎಂದು ಕೇಳಿದರೆ ಹೊಸಬರು ಹೊಳೆಯುವುದನ್ನೇ ತೋರಿಸುತ್ತಾರೆ. ಉತ್ತರ ಅದಕ್ಕೆ ತೀರಾ ವಿರುದ್ಧವಾಗಿದೆ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯೊಂದನ್ನು ಹಿಡಿದು, ಕೋಣೆಯ ಟ್ಯೂಬ್‌ಲೈಟ್ ಆರಿಸಿ, ಒಂದೇ ಒಂದು ದೀಪವನ್ನು ಪಕ್ಕದಿಂದ ಬೀಳುವಂತೆ ಇಟ್ಟು, ನಾಣ್ಯವನ್ನು ಅಂಚಿನಲ್ಲಿ ಹಿಡಿದು ನಿಧಾನವಾಗಿ ಓರೆ ಮಾಡುತ್ತ ಹೋಗಬೇಕು. 1918ರ ರೂಪಾಯಿಯನ್ನು ಹಾಗೆ ನೋಡಿದಾಗ ದೊರೆಯ ಕೆನ್ನೆಯ ಮೇಲೂ ಅದರ ಹಿಂದಿನ ಬಯಲಿನ ಮೇಲೂ ಕೂದಲೆಳೆಯಂಥ ನೂರಾರು ಗೀರುಗಳು ಒಂದೇ ದಿಕ್ಕಿನಲ್ಲಿ ಸಾಗಿರುವುದು ಕಂಡಿತು. ಹಲ್ಲುಪುಡಿ ಹಾಕಿ ಬಟ್ಟೆಯಿಂದ ಉಜ್ಜಿದ ಗುರುತು ಅದು. ಅಕ್ಷರಗಳ ಬುಡದಲ್ಲಿ ಬಿಳಿಯ ಪುಡಿ ಇನ್ನೂ ಕಚ್ಚಿಕೊಂಡಿತ್ತು. ಟಂಕಸಾಲೆಯಿಂದ ಹೊರಬಂದ ನಾಣ್ಯದ ಹೊಳಪಿಗೆ ಒಂದು ಸ್ವಭಾವವಿದೆ: ಓರೆ ಮಾಡಿದಾಗ ಬೆಳಕಿನ ಪಟ್ಟೆಯೊಂದು ಬಂಡಿಯ ಗಾಲಿಯ ಕಡ್ಡಿಗಳ ಹಾಗೆ ನಾಣ್ಯದ ಸುತ್ತ ತಿರುಗುತ್ತದೆ. ಉಜ್ಜಿದ ಹೊಳಪಾದರೋ ಎಲ್ಲ ಕಡೆಯಿಂದಲೂ ಒಂದೇ ಸಮ ಹೊಳೆಯುತ್ತದೆ, ತಿರುಗುವುದಿಲ್ಲ. 1907ರ ರೂಪಾಯಿಯಲ್ಲಿ ಗೀರುಗಳಿರಲಿಲ್ಲ. ಕಿವಿಯ ಹಿಂದಿನ ಕೂದಲಿನ ಎಳೆಗಳು ಬೇರೆಬೇರೆಯಾಗಿ ಕಾಣುತ್ತಿದ್ದವು, ಗಡ್ಡದ ತುದಿ ಮಾತ್ರ ನುಣುಪಾಗಿತ್ತು, ಹಿಂಬದಿಯ ಕಿರೀಟ ಮತ್ತು ತಾವರೆ ಬಳ್ಳಿಗಳಲ್ಲಿ ಅಚ್ಚಿನ ಗೆರೆಗಳು ಬಹುಪಾಲು ಉಳಿದಿದ್ದವು. ಕೈಯಿಂದ ಕೈಗೆ ಹೋಗಿ ಪ್ರಾಮಾಣಿಕವಾಗಿ ಸವೆದ ನಾಣ್ಯ ಅದು. ಅದರ ಮೇಲಿನ ಬೂದುಬಣ್ಣ ಕೊಳೆಯಲ್ಲ. ಬೆಳ್ಳಿ ಗಾಳಿಯಲ್ಲಿನ ಗಂಧಕದ ಅಂಶದೊಡನೆ ಕೂಡಿ ದಶಕಗಳಲ್ಲಿ ಕಟ್ಟಿಕೊಂಡ ಪದರ. ಸಂಗ್ರಾಹಕರು ಹಣ ಕೊಡುವುದು ಈ ಪದರ ಕೆಡದೆ ಇರುವುದಕ್ಕೆ. ಒಮ್ಮೆ ಉಜ್ಜಿ ತೆಗೆದರೆ ಅದನ್ನು ಮರಳಿ ತರಲು ಬರುವುದಿಲ್ಲ.

ಹಬ್ಬದ ಹಿಂದಿನ ದಿನ ಹುಣಸೆಹಣ್ಣಿನಲ್ಲಿ ಬೆಳ್ಳಿ ತಿಕ್ಕುವುದು ನಮ್ಮ ಮನೆಗಳ ಪದ್ಧತಿ. ಅತ್ತೆ ಅದನ್ನು ಭಕ್ತಿಯಿಂದ ಮಾಡಿದರು, ಅದರಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಿಲ್ಲ. ಆದರೆ ಇನ್ನು ಮುಂದೆ ಮಾರಬೇಕೆಂದೋ ಸಂಗ್ರಹಿಸಬೇಕೆಂದೋ ಇರುವ ನಾಣ್ಯಕ್ಕೆ ಹುಣಸೆಹಣ್ಣು, ವಿಭೂತಿ, ನಿಂಬೆಹಣ್ಣು, ಹಲ್ಲುಪುಡಿ ಯಾವುದೂ ತಾಗಬಾರದು. ಕುಂಕುಮ ಅಂಟಿದ್ದರೆ ಶುದ್ಧ ನೀರಿನಲ್ಲಿ ನೆನೆಸಿಟ್ಟು, ಉಜ್ಜದೆ, ಮೆತ್ತನೆಯ ಬಟ್ಟೆಯ ಮೇಲೆ ಒತ್ತಿ ಆರಿಸಿದರೆ ಸಾಕು.

ದರ್ಜೆಯ ಹೆಸರುಗಳು

ನಾಣ್ಯದವರ ಬಾಯಲ್ಲಿ ಕೇಳಿಬರುವ ಫೈನ್, ವೆರಿ ಫೈನ್, ಎಕ್ಸ್‌ಟ್ರೀಮ್ಲಿ ಫೈನ್, ಯುಎನ್‌ಸಿ (ಅನ್‌ಸರ್ಕ್ಯುಲೇಟೆಡ್) ಎಂಬ ದರ್ಜೆಗಳು ಒಂದು ಮೆಟ್ಟಿಲಿನ ಹಾಗಿವೆ. ಮುಖದ ಹೊರಗೆರೆ ಮತ್ತು ಅಕ್ಷರಗಳು ಪೂರ್ತಿ ಓದುವಂತಿದ್ದು, ಒಳಗಿನ ಸೂಕ್ಷ್ಮಗಳಲ್ಲಿ ಅರ್ಧದಷ್ಟು ಅಳಿದಿದ್ದರೆ ಫೈನ್. ಕೂದಲು, ವಸ್ತ್ರದ ಕಸೂತಿ ಮುಂತಾದವು ಬಹುಪಾಲು ಉಳಿದು ಎತ್ತರದ ಜಾಗಗಳಷ್ಟೇ ನುಣುಪಾಗಿದ್ದರೆ ವೆರಿ ಫೈನ್. ಹುಡುಕಿದರೆ ಮಾತ್ರ ಸವಕಳಿ ಕಾಣುವಂತಿದ್ದರೆ ಎಕ್ಸ್‌ಟ್ರೀಮ್ಲಿ ಫೈನ್. ಚಲಾವಣೆಯ ಸವಕಳಿಯೇ ಇಲ್ಲದಿದ್ದರೆ ಯುಎನ್‌ಸಿ. ವಿದೇಶಿ ಸಂಸ್ಥೆಗಳು ನಾಣ್ಯವನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕೊಡುವ ಅಂಕಗಳು 1949ರಲ್ಲಿ ವಿಲಿಯಂ ಶೆಲ್ಡನ್ ಎಂಬ ಅಮೆರಿಕನ್ ರೂಪಿಸಿದ 70 ಅಂಕಗಳ ಮಾನದಂಡದಿಂದ ಬಂದವು.

ಯಾವ ನಾಣ್ಯದಲ್ಲಿ ಎಲ್ಲಿ ನೋಡಬೇಕು ಎಂಬುದು ಮುಖ್ಯ. ವಿಕ್ಟೋರಿಯಾ ರೂಪಾಯಿಯಲ್ಲಿ ಕಿರೀಟದ ಹರಳುಗಳು, ಕಿವಿಯ ಮೇಲಿನ ಕೂದಲು, ಎದೆಯ ಮೇಲಿನ ಕಸೂತಿ ಮೊದಲು ಸವೆಯುತ್ತವೆ. ಎಡ್ವರ್ಡ್ ದೊರೆಯ ತಲೆಯ ಮೇಲೆ ಕಿರೀಟವಿಲ್ಲ, ಅಲ್ಲಿ ಕಿವಿ ಮತ್ತು ಗಡ್ಡ ನೋಡಬೇಕು. ಜಾರ್ಜ್ ದೊರೆಯ ನಾಣ್ಯದಲ್ಲಿ ಕಿರೀಟ, ಮೀಸೆ ಮತ್ತು ಭುಜದ ಮೇಲಿನ ಸರದಲ್ಲಿರುವ ಪುಟ್ಟ ಆನೆ. ಎರಡು ಬದಿಗಳಲ್ಲಿ ದರ್ಜೆ ಬೇರೆಬೇರೆ ಬಂದರೆ ಕೆಳಗಿನ ದರ್ಜೆಯನ್ನೇ ನಾನು ಬರೆದುಕೊಳ್ಳುತ್ತೇನೆ. ಮಾರುವವನು ಮೇಲಿನದನ್ನು ಹೇಳುತ್ತಾನೆ, ಕೊಳ್ಳುವವನು ಕೆಳಗಿನದನ್ನು ಹಿಡಿಯುತ್ತಾನೆ. ಕೊನೆಗೆ ವ್ಯಾಪಾರ ಕುದುರುವುದು ಕೆಳಗಿನದಕ್ಕೇ.

ದರ್ಜೆಯ ಮೆಟ್ಟಿಲಿನ ಹೊರಗೆ ನಿಲ್ಲುವ ದೋಷಗಳೂ ಇವೆ. ನನ್ನ 1862ರ ರೂಪಾಯಿಯ ಮುಖ ವೆರಿ ಫೈನ್ ಎನ್ನುವಂತಿದೆ, ಆದರೆ ಅದರ ನೆತ್ತಿಯ ಅಂಚಿನಲ್ಲಿ ಸಣ್ಣದೊಂದು ಉಬ್ಬು ಇದ್ದು, ಅಷ್ಟು ಜಾಗದಲ್ಲಿ ಅಂಚಿನ ಗೆರೆಗಳು ಮುಚ್ಚಿಹೋಗಿವೆ. ಹಿಂದೊಮ್ಮೆ ಸರಕ್ಕೆ ಪೋಣಿಸಲು ಕೊಂಡಿ ಬೆಸೆದು, ಆಮೇಲೆ ಯಾರೋ ಕಿತ್ತು ಅರದಿಂದ ಉಜ್ಜಿದ್ದಾರೆ. ಹೀಗೆ ಬೆಸುಗೆ ಬಿದ್ದ, ತೂತು ಕೊರೆದು ಮುಚ್ಚಿದ, ಅಂಚು ತಟ್ಟಿದ ನಾಣ್ಯ ಎಷ್ಟೇ ಚೆನ್ನಾಗಿ ಕಂಡರೂ ಸಂಗ್ರಾಹಕರ ಬೆಲೆಯಿಂದ ಜಾರಿ ಬೆಳ್ಳಿಯ ಬೆಲೆಯ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಆದ್ದರಿಂದ ಮುಖ ನೋಡುವ ಮೊದಲು ಅಂಚನ್ನು ಒಂದು ಸುತ್ತು ತಿರುಗಿಸಿ ನೋಡಿ.

ತೂಕ ಹೇಳುವುದೆಷ್ಟು, ವರ್ಷ ಹೇಳುವುದೆಷ್ಟು

1835ರಿಂದ ಕಂಪನಿ ಸರ್ಕಾರ ಏಕರೂಪಕ್ಕೆ ತಂದ ಬೆಳ್ಳಿ ರೂಪಾಯಿಯ ತೂಕ 180 ಗ್ರೇನ್, ಅಂದರೆ 11.66 ಗ್ರಾಂ. ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಭಾಗ ಬೆಳ್ಳಿ, ಸುಮಾರು 10.69 ಗ್ರಾಂ. 1940ರಿಂದ ಬೆಳ್ಳಿಯ ಪಾಲು ಅರ್ಧಕ್ಕಿಳಿಯಿತು. ನಾಣ್ಯದ ತೂಕ ಅಷ್ಟೇ ಇದ್ದರೂ ಒಳಗಿನ ಬೆಳ್ಳಿ 5.83 ಗ್ರಾಂ ಮಾತ್ರ. ಈ ಅರ್ಧಬೆಳ್ಳಿಯ ರೂಪಾಯಿಗಳನ್ನು ಅಂಚಿನಿಂದ ಗುರುತಿಸಬಹುದು, ಅಂಚಿನ ಗೀರುಗಳ ನಡುವೆ ಸುತ್ತಲೂ ಒಂದು ತೋಡು ಇರುತ್ತದೆ. ಹುಲಿಯ ಚಿತ್ರವಿರುವ 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕ್ಕಲ್, ಅಯಸ್ಕಾಂತಕ್ಕೆ ಅಂಟಿಕೊಳ್ಳುತ್ತದೆ. ಅಂಟಿತೆಂದು ನಕಲಿ ಎಂದು ಎಸೆಯಬೇಡಿ, ಬೆಳ್ಳಿಯೆಂದು ನಂಬಿ ಕೊಳ್ಳಲೂಬೇಡಿ.

ನನ್ನ 1907ರ ರೂಪಾಯಿ ತೂಗಿದ್ದು 11.48 ಗ್ರಾಂ. ಲೆಕ್ಕ ಸುಲಭವಾಗಲೆಂದು ಬೆಳ್ಳಿ ಗ್ರಾಮಿಗೆ 100 ರೂಪಾಯಿ ಎಂದು ಹಿಡಿದರೆ, ಅದರೊಳಗಿನ ಬೆಳ್ಳಿಯ ಬೆಲೆ ಸುಮಾರು 1,052 ರೂಪಾಯಿ. ನೂರರ ಜಾಗದಲ್ಲಿ ಆ ದಿನದ ದರವನ್ನು ಇಟ್ಟುಕೊಂಡರೆ ನಿಮ್ಮ ಲೆಕ್ಕ ಸಿಗುತ್ತದೆ. ಇದು ನೆಲದ ಬೆಲೆ. ಇದಕ್ಕಿಂತ ಕಡಿಮೆಗೆ ಕೊಡಲು ಯಾವ ಕಾರಣವೂ ಇಲ್ಲ. ಲೋಹ ಅಪ್ಪಟವೇ ಎಂಬ ಅನುಮಾನವಿದ್ದರೆ 0.01 ಗ್ರಾಂವರೆಗೆ ತೋರಿಸುವ ಸಣ್ಣ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು, ಸೊನ್ನೆಗೆ ತಂದು, ನಾಣ್ಯವನ್ನು ದಾರದಲ್ಲಿ ಕಟ್ಟಿ ಲೋಟದ ತಳಕ್ಕೂ ಗೋಡೆಗೂ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ. ತಕ್ಕಡಿ ಆಗ ತೋರುವ ಅಂಕಿಯಿಂದ ನಾಣ್ಯದ ತೂಕವನ್ನು ಭಾಗಿಸಿದರೆ 10.3ರ ಆಸುಪಾಸು ಬರಬೇಕು. ನನ್ನದಕ್ಕೆ ತಕ್ಕಡಿ 1.12 ತೋರಿಸಿತು. ಅಡುಗೆಮನೆಯ ಕಟ್ಟೆಯ ಮೇಲೆ ಹತ್ತು ನಿಮಿಷದಲ್ಲಿ ಮುಗಿಯುವ ಈ ಪರೀಕ್ಷೆಯಿಂದ ನಾಣ್ಯಕ್ಕೆ ಒಂದು ಗೀರೂ ಬೀಳುವುದಿಲ್ಲ.

ಇನ್ನು ವರ್ಷ. ಹಳೆಯದಾದಷ್ಟೂ ಬೆಲೆ ಹೆಚ್ಚು ಎಂಬ ನಂಬಿಕೆ ಎಷ್ಟು ದುರ್ಬಲ ಎಂಬುದನ್ನು ತೋರಿಸಲು 1862ರ ರೂಪಾಯಿಯೇ ಸಾಕು. ಆ ವರ್ಷದ ಅಂಕಿಯನ್ನು 1874ರವರೆಗೆ ಬದಲಿಸದೆ ಟಂಕಿಸುತ್ತ ಹೋದ ಕಾರಣ, ವರ್ಷ ಹಳೆಯದಾದರೂ ನಾಣ್ಯ ಧಾರಾಳವಾಗಿ ಸಿಗುತ್ತದೆ. ಅದರಲ್ಲಿ ಮುಖದ ಅಚ್ಚಿನ ಬಗೆ, ವರ್ಷದ ಸುತ್ತಲಿನ ಸಣ್ಣ ಚುಕ್ಕಿಗಳ ಸಂಖ್ಯೆ ಇವುಗಳಿಂದ ಬೆಲೆ ಬದಲಾಗುತ್ತದೆಯೇ ಹೊರತು 1862 ಎಂಬ ಅಂಕಿಯಿಂದಲ್ಲ. 1918ರದ್ದೂ ಹಾಗೆಯೇ: ಮೊದಲ ಮಹಾಯುದ್ಧದ ಕೊನೆಯಲ್ಲಿ ಅಮೆರಿಕ ತನ್ನ ಬೆಳ್ಳಿ ಡಾಲರುಗಳನ್ನೇ ಕರಗಿಸಿ ಭಾರತಕ್ಕೆ ಬೆಳ್ಳಿ ಕಳುಹಿಸಿದ ಕಾಲ ಅದು, ರೂಪಾಯಿಗಳನ್ನು ಕೋಟಿಗಟ್ಟಲೆ ಟಂಕಿಸಲಾಯಿತು. ಇವಕ್ಕೆ ಹೋಲಿಸಿದರೆ ಎಷ್ಟೋ ಕಿರಿಯದಾದ 1939ರ ಬೆಳ್ಳಿ ರೂಪಾಯಿ ಅಪರೂಪ, ಅದಕ್ಕಾಗಿಯೇ ಅದರ ನಕಲುಗಳೂ ಹೆಚ್ಚು. 1938ರ ನಾಣ್ಯದ ಕೊನೆಯ ಅಂಕಿಯನ್ನು ತಿದ್ದಿದ್ದಾರೆಯೇ ಎಂದು 9ರ ಬುಡದ ಲೋಹವನ್ನು ಭೂತಗನ್ನಡಿಯಲ್ಲಿ ನೋಡಲೇಬೇಕು. 1911ರ ಜಾರ್ಜ್ ರೂಪಾಯಿಯ ಕತೆ ಬೇರೆ. ದೊರೆಯ ಸರದಲ್ಲಿನ ಆನೆ ಹಂದಿಯಂತೆ ಕಾಣುತ್ತದೆ ಎಂಬ ಆಕ್ಷೇಪ ಎದ್ದು, ಆ ನಾಣ್ಯಗಳಲ್ಲಿ ಬಹುಪಾಲನ್ನು ಕರಗಿಸಿ, 1912ರಿಂದ ಆನೆಯ ಸೊಂಡಿಲನ್ನು ತಿದ್ದಿ ಟಂಕಿಸಿದರು. ಸವೆದದ್ದಾದರೂ 1911ರದ್ದಕ್ಕೆ 1912ರದ್ದಕ್ಕಿಂತ ಹೆಚ್ಚು ಕೇಳುವವರಿದ್ದಾರೆ.

ಹಾಗಾದರೆ ಸ್ಥಿತಿ ಮುಖ್ಯವೋ ವರ್ಷ ಮುಖ್ಯವೋ? ಧಾರಾಳವಾಗಿ ಸಿಗುವ ವರ್ಷದ ನಾಣ್ಯದಲ್ಲಿ ಸ್ಥಿತಿಯೇ ಎಲ್ಲವೂ. ಸವೆದ 1918ಕ್ಕೆ ಬೆಳ್ಳಿಯ ಮೇಲೆ ಅಲ್ಪಸ್ವಲ್ಪ ಸಿಕ್ಕರೆ, ಟಂಕಸಾಲೆಯ ಹೊಳಪು ಉಳಿದ ಅದೇ ವರ್ಷದ ನಾಣ್ಯಕ್ಕೆ ಹಲವು ಪಟ್ಟು ಸಿಗುತ್ತದೆ. ಅಪರೂಪದ ವರ್ಷದಲ್ಲಿ ಮಾತ್ರ ಸವಕಳಿಯನ್ನು ಕ್ಷಮಿಸುತ್ತಾರೆ.

ತಾಮ್ರದ ಕಾಸಿನ ಲೆಕ್ಕವೇ ಬೇರೆ

ತಾಮ್ರದ ನಾಣ್ಯಕ್ಕೆ ಬೆಳ್ಳಿಯಂತೆ ನೆಲದ ಬೆಲೆಯ ಆಸರೆ ಇಲ್ಲ. ಅದರ ಬೆಲೆ ಪೂರ್ತಿಯಾಗಿ ಅದು ಏನು, ಎಷ್ಟು ಓದಲು ಬರುತ್ತದೆ ಎಂಬುದರ ಮೇಲೆ ನಿಂತಿದೆ, ಆದ್ದರಿಂದ ನನಗೆ ಈ ನಾಲ್ಕನೇ ನಾಣ್ಯವೇ ಹೆಚ್ಚು ಪ್ರಿಯ. ಒಂದು ಬದಿಯಲ್ಲಿ ಸಿಂಹ, ಅದರ ಜೊತೆಗೆ ಕನ್ನಡದಲ್ಲಿ ಚಾಮುಂಡಿಯ ಹೆಸರು. ಇನ್ನೊಂದು ಬದಿಯಲ್ಲಿ ‘ಮಯಿಲಿ ಕಾಸು’ ಎಂಬ ಕನ್ನಡ ಅಕ್ಷರಗಳು. ಮೈಸೂರು ಸಂಸ್ಥಾನದ ಟಂಕಸಾಲೆ 1843ರಲ್ಲಿ ಮುಚ್ಚಿತು, ಅಲ್ಲಿಗೆ ಕನ್ನಡ ಅಕ್ಷರದ ಈ ಕಾಸುಗಳೂ ನಿಂತವು. ಸಿಂಹದ ಬಾಲವೂ ಮುಂಗಾಲುಗಳೂ ಚೂಪಾಗಿ ಮೂಡಿವೆ, ಆದರೆ ಹೆಸರಿನ ಅರ್ಧ ಕಾಣೆಯಾಗಿದೆ.

ಇಲ್ಲಿ ಸವಕಳಿಯನ್ನೂ ಅರೆಬರೆ ಟಂಕಿಸಿದ್ದನ್ನೂ ಬೇರ್ಪಡಿಸಬೇಕು. ಕೈಯಿಂದ ಸುತ್ತಿಗೆ ಹೊಡೆದು ಟಂಕಿಸುತ್ತಿದ್ದಾಗ ಅಚ್ಚು ಬಿಲ್ಲೆಗಿಂತ ದೊಡ್ಡದಿರುತ್ತಿತ್ತು, ಅಥವಾ ಏಟು ಒಂದು ಕಡೆಗೆ ವಾಲುತ್ತಿತ್ತು; ಹಾಗೆ ಮೂಡದೆ ಹೋದ ಜಾಗದ ಮೈ ಒರಟಾಗಿಯೇ ಉಳಿದು, ಪಕ್ಕದಲ್ಲೇ ಇರುವ ಅಕ್ಷರ ಚೂಪಾಗಿರುತ್ತದೆ. ಸವೆದಿದ್ದರೆ ಮೈ ನುಣುಪಾಗಿ, ಎತ್ತರದ ಭಾಗಗಳೆಲ್ಲ ಒಂದೇ ಸಮ ತಗ್ಗಿರುತ್ತವೆ. ಮೂಡದ ಭಾಗಕ್ಕೆ ಸಂಗ್ರಾಹಕರು ಅಷ್ಟಾಗಿ ಬೆಲೆ ಇಳಿಸುವುದಿಲ್ಲ, ಸವೆದ ಭಾಗಕ್ಕೆ ಇಳಿಸುತ್ತಾರೆ. ಟಿಪ್ಪು ಸುಲ್ತಾನನ ಆನೆ ಪೈಸೆಗಳಿಗೂ ಇದೇ ಮಾತು ಸಲ್ಲುತ್ತದೆ. ಅವುಗಳಲ್ಲಿ ಆನೆ ಎಲ್ಲದರಲ್ಲೂ ಇರುತ್ತದೆ, ಟಂಕಸಾಲೆಯ ಹೆಸರು ಮತ್ತು ವರ್ಷ ಪೂರ್ತಿ ಉಳಿದಿರುವುದು ಕಡಿಮೆ. ಪಟ್ಟಣ ಎಂದು ಬರೆಯುತ್ತಿದ್ದ ಶ್ರೀರಂಗಪಟ್ಟಣದ ಪೈಸೆಗಳು ಹೆಚ್ಚಾಗಿ ಸಿಗುತ್ತವೆ. ಬೆಂಗಳೂರಿನ ಹೆಸರು ಹೊತ್ತ ಪೈಸೆ ನಮ್ಮೂರಿನದ್ದೆಂಬ ಕಾರಣಕ್ಕೂ ಇಲ್ಲಿ ಬೇಡಿಕೆಯಲ್ಲಿದೆ. ಟಿಪ್ಪು ಜಾರಿಗೆ ತಂದ ಮೌಲೂದಿ ಶಕೆಯ ವರ್ಷಗಳನ್ನು ಅವುಗಳಲ್ಲಿ ಬಲದಿಂದ ಎಡಕ್ಕೆ ಓದಬೇಕು. ಆನೆ ಮಾತ್ರ ಚೆನ್ನಾಗಿರುವ ಪೈಸೆ ಮತ್ತು ಆನೆ ಸ್ವಲ್ಪ ಸವೆದು ಊರಿನ ಹೆಸರೂ ವರ್ಷವೂ ಪೂರ್ತಿ ಇರುವ ಪೈಸೆ, ಇವೆರಡರಲ್ಲಿ ನಾನು ಯಾವಾಗಲೂ ಎರಡನೆಯದನ್ನು ಆರಿಸುತ್ತೇನೆ.

ತಾಮ್ರದ ಮೇಲಿನ ಕಂದು ಅಥವಾ ಕಡುಹಸಿರು ಪದರ ಗಟ್ಟಿಯಾಗಿ ನುಣುಪಾಗಿದ್ದರೆ ಅದು ನಾಣ್ಯವನ್ನು ಕಾಯುತ್ತಿದೆ ಎಂದೇ ತಿಳಿಯಬೇಕು. ಮುಟ್ಟಿದರೆ ಪುಡಿಯಾಗಿ ಉದುರುವ ತಿಳಿಹಸಿರು ಕಿಲುಬು ಮಾತ್ರ ನಾಣ್ಯವನ್ನು ತಿನ್ನುತ್ತಿರುತ್ತದೆ.

ಈ ನಡುವೆ ಒಂದು ಎಚ್ಚರಿಕೆ. ಒಂದು ಬದಿಯಲ್ಲಿ ರಾಮ ಪಟ್ಟಾಭಿಷೇಕವೋ ಹನುಮಂತನೋ, ಇನ್ನೊಂದು ಬದಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹೆಸರು, ಅರ್ಧ ಆಣೆ, 1818 ಎಂದು ಇಂಗ್ಲಿಷಿನಲ್ಲಿ ಬರೆದ ತಾಮ್ರದ ಬಿಲ್ಲೆಗಳನ್ನು ತೋರಿಸಿ ಲಕ್ಷಗಳ ಮಾತಾಡುವವರು ಊರು ತುಂಬ ಇದ್ದಾರೆ. ಕಂಪನಿ ಅಂಥ ನಾಣ್ಯವನ್ನು ಟಂಕಿಸಿಯೇ ಇಲ್ಲ, ಅವು ಈಚೆಗೆ ಮಾಡಿದ ಬಿಲ್ಲೆಗಳು.

ಎಲ್ಲಿಗೆ ಒಯ್ಯಬೇಕು

ನೇರವಾದ ದಾರಿ ಚಿಕ್ಕಪೇಟೆ, ನಗರ್ತಪೇಟೆಯ ಬೆಳ್ಳಿ ಅಂಗಡಿ. ಹಣ ಆಗಲೇ ಕೈಗೆ ಬರುತ್ತದೆ, ಆದರೆ ಅಲ್ಲಿ ನೋಡುವುದು ತೂಕವನ್ನಷ್ಟೇ, ಅದರಲ್ಲೂ ಸವಕಳಿಯೆಂದು ಕಳೆಯುತ್ತಾರೆ. ಬೆಸುಗೆ ಬಿದ್ದ 1862 ಮತ್ತು ಉಜ್ಜಿದ 1918 ಇವೆರಡಕ್ಕೆ ಆ ದಾರಿ ಸರಿಯಾದದ್ದೇ. ಒಂದು ವಿಷಯ ಮೊದಲೇ ಹೇಳಿಬಿಡಿ: ಒರೆಗಲ್ಲಿಗೆ ಉಜ್ಜುವುದು ಬೇಡ. ವರ್ಷಗಳ ಹಿಂದೆ ಅಂಗಡಿಯೊಂದರಲ್ಲಿ ನಾನು ತಡೆಯುವಷ್ಟರಲ್ಲಿ ನನ್ನದೊಂದು ಒಳ್ಳೆಯ ಅರ್ಧ ರೂಪಾಯಿಯ ಅಂಚನ್ನು ಒರೆಗೆ ಹಚ್ಚಿಬಿಟ್ಟರು. ಆ ಗೀರು ನೋಡಿದಾಗಲೆಲ್ಲ ಈಗಲೂ ನೋವಾಗುತ್ತದೆ.

ಎರಡನೆಯದು ನಾಣ್ಯ ವ್ಯಾಪಾರಿ. ನಗರದಲ್ಲಿ ಆಗಾಗ ನಡೆಯುವ ನಾಣ್ಯ ಮೇಳಗಳಲ್ಲಿ ಹತ್ತಾರು ವ್ಯಾಪಾರಿಗಳು ಒಂದೇ ಸೂರಿನಡಿ ಕೂತಿರುತ್ತಾರೆ, ಹೀಗಾಗಿ ಒಂದೇ ನಾಣ್ಯವನ್ನು ಮೂವರಿಗೆ ತೋರಿಸಿ ಬೆಲೆ ಕೇಳಬಹುದು. ನಿಮ್ಮ ದರ್ಜೆಯನ್ನು ಮೊದಲು ಹೇಳಬೇಡಿ, ಅವರೇ ಹೇಳಲಿ. ವ್ಯಾಪಾರಿ ಮರುಮಾರಾಟದ ಲಾಭ ಇಟ್ಟುಕೊಂಡೇ ಕೊಳ್ಳುತ್ತಾನೆ, ಅದು ನ್ಯಾಯವೇ; ನೀವು ನೋಡಬೇಕಾದದ್ದು ಅವನು ಅದೇ ಬಗೆಯ, ಅದೇ ಸ್ಥಿತಿಯ ನಾಣ್ಯವನ್ನು ತನ್ನ ಮೇಜಿನ ಮೇಲೆ ಎಷ್ಟಕ್ಕೆ ಇಟ್ಟಿದ್ದಾನೆ ಎಂಬುದನ್ನು. 1907ರಂಥ ಪ್ರಾಮಾಣಿಕ ವೆರಿ ಫೈನ್ ನಾಣ್ಯಕ್ಕೆ ಇದೇ ಉತ್ತಮ ಜಾಗ.

ಹರಾಜು ಅಪರೂಪದ ನಾಣ್ಯಕ್ಕೆ ಮಾತ್ರ ತಕ್ಕದ್ದು. ಅಲ್ಲಿ ಕಮಿಷನ್ ಕಳೆಯುತ್ತದೆ, ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ, ಸಾಮಾನ್ಯ ನಾಣ್ಯವನ್ನು ತೆಗೆದುಕೊಳ್ಳುವುದೂ ಇಲ್ಲ. ಆದರೆ ಹಿಂದೆ ಮುಗಿದ ಹರಾಜುಗಳ ಪಟ್ಟಿಗಳು ಬೆಲೆ ತಿಳಿಯಲು ಎಲ್ಲಕ್ಕಿಂತ ನಂಬಿಕಸ್ಥ ಸಾಧನ, ಏಕೆಂದರೆ ಅಲ್ಲಿ ಕೇಳಿದ ಬೆಲೆಯಲ್ಲ, ನಿಜವಾಗಿ ಕೊಟ್ಟ ಬೆಲೆ ಇರುತ್ತದೆ. ದರ್ಜೆ ಕೊಟ್ಟು ಡಬ್ಬಿಯಲ್ಲಿ ಮುಚ್ಚಿಸುವ ಖರ್ಚನ್ನು ನಾಣ್ಯದ ಬೆಲೆಯ ಪಕ್ಕದಲ್ಲಿಟ್ಟು ನೋಡಿ. ನನ್ನ ನಾಲ್ಕರಲ್ಲಿ ಯಾವುದಕ್ಕೂ ಆ ಖರ್ಚು ಹುಟ್ಟುವುದಿಲ್ಲ. ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯ್ದೆಯಡಿ ಬರುವುದರಿಂದ ಅದನ್ನು ನೀವಾಗಿ ವಿದೇಶಕ್ಕೆ ಕಳುಹಿಸುವಂತಿಲ್ಲ, ಅಂಥ ವಸ್ತುಗಳ ವ್ಯಾಪಾರ ಮಾಡುವವರಿಗೆ ಪರವಾನಗಿಯೂ ಬೇಕು. ಇದ್ದರೆ ತೋರಿಸಲು ಯಾರೂ ಹಿಂಜರಿಯುವುದಿಲ್ಲ.

ಮೊಬೈಲಿನಲ್ಲಿ ಬರುವ ಜಾಹೀರಾತುಗಳನ್ನು ಈ ಸಾಲಿಗೇ ಸೇರಿಸಬಾರದು. ವೈಷ್ಣೋದೇವಿಯ ಚಿತ್ರವಿರುವ 2012ರ ಐದು ಅಥವಾ ಹತ್ತು ರೂಪಾಯಿ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆಂದು ಹೇಳಿ, ಮೊದಲು ನೋಂದಣಿ ಶುಲ್ಕವೋ ತೆರಿಗೆಯೋ ಕಟ್ಟಿಸಿಕೊಳ್ಳುವುದು ಅವರ ದಾರಿ. ಹಳೆಯ ನಾಣ್ಯ ಮತ್ತು ನೋಟುಗಳ ವ್ಯವಹಾರ ತನ್ನದಲ್ಲ, ಅದಕ್ಕಾಗಿ ತಾನು ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಸ್ಪಷ್ಟಪಡಿಸಿದೆ. ಕೊಳ್ಳುವವನು ಮಾರುವವನಿಂದ ಮೊದಲೇ ಹಣ ಕೇಳಿದರೆ ಅಲ್ಲಿಗೆ ಮಾತು ನಿಲ್ಲಿಸಿ.

ನನ್ನ ನಾಲ್ಕು ನಾಣ್ಯಗಳಲ್ಲಿ 1918ರದ್ದನ್ನು ಬೆಳ್ಳಿಯ ದರಕ್ಕೆ ಕೊಟ್ಟೆ. 1907ರದ್ದನ್ನು ಮೇಳದಲ್ಲಿ ಮೂವರಿಗೆ ತೋರಿಸಿದೆ. ಇಬ್ಬರು ವೆರಿ ಫೈನ್ ಎಂದರು, ಒಬ್ಬರು ಫೈನ್ ಎಂದರು, ಮೊದಲ ಇಬ್ಬರಲ್ಲಿ ಒಬ್ಬರಿಗೆ ಹೋಯಿತು. ಬೆಸುಗೆಯ 1862 ಹಬ್ಬದ ಕಲಶದ ಮುಂದೆ ಕೂರಲು ಮನೆಯಲ್ಲೇ ಉಳಿದಿದೆ, ಅದನ್ನು ಮನೆಯವರು ಎಷ್ಟು ಬೇಕಾದರೂ ತಿಕ್ಕಬಹುದು. ಚಾಮುಂಡಿಯ ಕಾಸನ್ನು ಪಿವಿಸಿ ಪ್ಲಾಸ್ಟಿಕ್ ಚೀಲದಿಂದ ತೆಗೆದು, ರಟ್ಟಿನ ಚೌಕದಲ್ಲಿ ಇಟ್ಟು, ಮಳೆಗಾಲದ ತೇವಕ್ಕೆಂದು ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣವೊಂದನ್ನು ಹಾಕಿದ್ದೇನೆ. ಹೆಸರು ಪೂರ್ತಿ ಓದಲು ಬರುವ ಅದೇ ಬಗೆಯ ಇನ್ನೊಂದು ಕಾಸು ಸಿಕ್ಕ ದಿನ ಎರಡನ್ನೂ ಒಂದೇ ದೀಪದ ಕೆಳಗಿಟ್ಟು ನೋಡಿ, ಯಾವುದನ್ನು ಉಳಿಸಿಕೊಳ್ಳುವುದೆಂದು ನಿರ್ಧರಿಸುತ್ತೇನೆ.